ತರುಣ ವಾಚಕರೂ ಸಾಮಾಜಿಕ ನ್ಯಾಯವೂ: ಕೆಲವು ಕನ್ನಡ ಕಾದಂಬರಿಗಳ ವಿಚಾರ

೧

ಕಾದಂಬರಿಗಳನ್ನೋದಿ ಹುಡುಗರು ಕೆಡುವರೆಂಬ ಮಾತು ಬಹು ಹಳೆಯದು. ಕಥೆಯ ಗುಂಗಿನಲ್ಲಿ ಪಾಠವನ್ನು ಮರೆಯುವರು, ಇಲ್ಲದ ಲೋಕದಲ್ಲಿ ವಿಹರಿಸಿ ಇರುವ ಲೋಕದ ಕೆಲಸಕ್ಕೆ ಬಾರದವರಾಗುವರು ಎಂಬುದು ಹಿರಿಯರ ದೂರು. ಇದಕ್ಕೆ ಪ್ರತಿಯಾಗಿ ಇನ್ನೊಂದು ಮಾತೂ ಈಗ ಕೇಳಿಬರುತ್ತದೆ. ಒಳ್ಳೆಯ ಕಾದಂಬರಿಯೊಂದನ್ನು ಕೈಗಿತ್ತರೆ ಸಾಕು, ತರುಣರಲ್ಲಿ ಸಾಮಾಜಿಕ ನ್ಯಾಯದ ಬುದ್ಧಿಯು ತಾನಾಗಿ ಮೂಡುವುದೆಂದು ಕೆಲವರು ನಂಬಿರುವರು. ಮೊದಲನೆಯ ಮಾತು ಕಾದಂಬರಿಗೆ ಮಾಡಿದ ಅನ್ಯಾಯ. ಎರಡನೆಯದು ಅದರ ಮೇಲೆ ಹೊರಿಸಿದ ಅತಿಭಾರ. ಕಾದಂಬರಿಯು ಏನನ್ನು ಕಲಿಸಬಲ್ಲುದು, ಏನನ್ನು ಕಲಿಸಲಾರದು, ಯಾರಿಗೆ ಯಾವುದನ್ನು ಕಲಿಸೀತು ಎಂಬುದನ್ನು ಬಿಡಿಸಿ ನೋಡದೆ ಈ ವಿವಾದವು ತೀರುವಂತಿಲ್ಲ.

ಜಾಲಹಳ್ಳಿಯೆಂದೊಡನೆ ಬೆಂಗಳೂರಿನ ಕಾರ್ಖಾನೆಗಳ ಮಗ್ಗುಲಿನ ಜಾಲಹಳ್ಳಿಯನ್ನು ನೆನೆಯುವವರೇ ಬಹುಮಂದಿ. ಇಲ್ಲಿ ಉದ್ದೇಶಿಸಿರುವುದು ಕೃಷ್ಣೆಯ ದಕ್ಷಿಣಕ್ಕೆ, ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕಿನಲ್ಲಿರುವ ಜಾಲಹಳ್ಳಿಯನ್ನು. ಈ ಸೀಮೆಯ ತರುಣ ವಾಚಕನಿಗೆ ಪುಸ್ತಕವು ಸುಲಭವಾಗಿ ದೊರೆತ ವಸ್ತುವಲ್ಲ. ೨೦೧೧ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆಯು ನೂರಕ್ಕೆ ೭೫ನ್ನು ದಾಟಿದ್ದಾಗ ರಾಯಚೂರು ಜಿಲ್ಲೆಯದು ೬೦ನ್ನೂ ಮುಟ್ಟಿರಲಿಲ್ಲ. ಸುಗ್ಗಿ ತೀರಿದ ಮೇಲೆ ದೊಡ್ಡ ಊರುಗಳಿಗೆ ಗುಳೆ ಹೋಗುವ ತಂದೆತಾಯಿಗಳೊಡನೆ ಶಾಲೆಯ ಮಕ್ಕಳೂ ಹೊರಟುಬಿಡುವುದುಂಟು. ಹತ್ತಿ ಬಿಡಿಸುವ ಕಾಲದಲ್ಲಿ ತರಗತಿಯ ಹಲಗೆಗಳು ಬರಿದಾಗುವುದುಂಟು. ಇಂಥಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಒಂದು ಕಾದಂಬರಿಯನ್ನು ಕೊನೆಯವರೆಗೆ ಓದಿದರೆಂದರೆ ಅದು ಸಣ್ಣ ಸಂಗತಿಯಲ್ಲ. ಹಾಗೆ ಓದಿದ ಒಂದೆರಡು ಪುಸ್ತಕಗಳೇ ಅವರ ಪಾಲಿಗೆ ಸಾಹಿತ್ಯವೆಲ್ಲವೂ ಆಗಬಹುದು. ಆದುದರಿಂದ ಯಾವುದನ್ನು ಓದಿಸಬೇಕು, ಹೇಗೆ ಓದಿಸಬೇಕು ಎಂಬ ಪ್ರಶ್ನೆಯು ಬೇರೆಡೆಗಿಂತ ಇಲ್ಲಿ ಹೆಚ್ಚು ಗುರುತರವಾದುದು.

ನ್ಯಾಯವಿಚಾರವು ಈ ನೆಲಕ್ಕೆ ಹೊಸದೆಂದು ತಿಳಿಯಬಾರದು. ಅಶೋಕನ ಹೆಸರನ್ನೇ ಹೇಳುವ ಶಾಸನವು ೧೯೧೫ರಲ್ಲಿ ದೊರೆತುದು ಇದೇ ಜಿಲ್ಲೆಯ ಮಸ್ಕಿಯಲ್ಲಿ. ಲಿಂಗಸೂಗೂರು ಸೀಮೆಯ ಅಮರೇಶ್ವರದೊಡನೆ ಹೆಸರು ಕೂಡಿಕೊಂಡಿರುವ ಆಯ್ದಕ್ಕಿ ಲಕ್ಕಮ್ಮನು, ಗಂಡನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದು ಆಸೆಯೆಂದು ಆಕ್ಷೇಪಿಸಿ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದುಬರುವಂತೆ ಹೇಳಿದ ಕಥೆಯು ಇಲ್ಲಿನ ಮುದುಕಿಯರ ಬಾಯಲ್ಲಿ ಉಂಟು. ತನ್ನ ಪಾಲಿಗೆ ಮೀರಿದುದು ಇನ್ನೊಬ್ಬರ ಪಾಲು ಎಂಬ ಅರಿವೇ ನ್ಯಾಯದ ಮೊದಲಕ್ಷರ. ಈ ಅಕ್ಷರವನ್ನು ಬಲ್ಲ ನಾಡಿನಲ್ಲಿ ಕಾದಂಬರಿಯು ಮಾಡಬೇಕಾದ ಕೆಲಸವು ಉಪದೇಶವಲ್ಲ. ಉಪದೇಶಕ್ಕೆ ಇಲ್ಲಿ ಬರಗಾಲವಿಲ್ಲ.

೨

ಕನ್ನಡದಲ್ಲಿ ಸಾಮಾಜಿಕ ಕಾದಂಬರಿಯು ನ್ಯಾಯದ ಪ್ರಶ್ನೆಯೊಡನೆಯೇ ಹುಟ್ಟಿತು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು ೧೮೯೯ರಲ್ಲಿ ಮಂಗಳೂರಿನಲ್ಲಿ ಹೊರಬಂದಿತು. ಬಾಲ್ಯದಲ್ಲಿಯೇ ವಿಧವೆಯಾದ ಹುಡುಗಿಯು ಕಪಟಭಕ್ತರ ಕೈಗೆ ಸಿಕ್ಕದೆ ಮನೆಬಿಟ್ಟು, ವಿದ್ಯೆ ಕಲಿತು, ಪುನರ್ವಿವಾಹವಾಗುವ ಕಥೆಯದು. ‘ಸದ್ಧರ್ಮವಿಜಯ’ವೆಂಬ ಅದರ ಎರಡನೆಯ ಹೆಸರೇ ಗ್ರಂಥಕರ್ತರ ಆಶಯವನ್ನು ಸಾರುತ್ತದೆ. ಇಲ್ಲಿ ಒಳ್ಳೆಯವರು ಒಳ್ಳೆಯವರು, ಕೆಟ್ಟವರು ಕೆಟ್ಟವರು. ಕೊನೆಯಲ್ಲಿ ಒಳ್ಳೆಯವರಿಗೆ ಜಯ. ತರುಣ ವಾಚಕನು ಯಾರ ಪಕ್ಷವನ್ನು ಹಿಡಿಯಬೇಕೆಂಬುದನ್ನು ಗ್ರಂಥಕರ್ತರೇ ಬೆರಳುಮಾಡಿ ತೋರಿಸುವರು. ಅಂದಿನ ಕಾಲಕ್ಕೆ ಅದು ಧೈರ್ಯದ ಕೆಲಸವಾಗಿದ್ದಿತು; ಆ ಮರ್ಯಾದೆಯು ಅವರಿಗೆ ಸಲ್ಲತಕ್ಕದ್ದೇ. ಆದರೆ ಬೆರಳು ತೋರಿದ ಕಡೆಗೆ ನೋಡಲು ಕಲಿತವನು ಬೆರಳಿಲ್ಲದ ಕಡೆಯಲ್ಲಿ ತಾನೇ ನೋಡಬಲ್ಲನೆಂಬ ಭರವಸೆಯಿಲ್ಲ. ಕಥೆಯಲ್ಲಿನ ಕಪಟಿಯನ್ನು ಹಳಿದು ಮುಗಿಸಿದ ಹುಡುಗನು ತನ್ನ ಮನೆಯಲ್ಲಿಯೇ ಅಕ್ಕನ ಶಾಲೆಯನ್ನು ಬಿಡಿಸಿದುದನ್ನು ಕಾಣದೆಯೇ ಇರಬಹುದು.

ಇದೇ ದುಃಖವನ್ನು ೧೯೭೬ರ ‘ಫಣಿಯಮ್ಮ’ದಲ್ಲಿ ಎಂ. ಕೆ. ಇಂದಿರಾ ಅವರು ಬೇರೊಂದು ಬಗೆಯಿಂದ ಹೇಳಿದರು. ಅಲ್ಲಿ ಸದ್ಧರ್ಮದ ವಿಜಯವಿಲ್ಲ; ಬಾಲವಿಧವೆಯೊಬ್ಬಳು ಮುದುಕಿಯಾಗುವವರೆಗೆ ಸವೆಸಿದ ದಿನಗಳಿವೆ. ತಾನು ಎಲ್ಲವನ್ನೂ ಸಹಿಸಿದ ಆ ಹೆಂಗಸು, ಮುಂದಿನ ತಲೆಮಾರಿನ ವಿಧವೆಯೊಬ್ಬಳು ತಲೆಬೋಳಿಸಿಕೊಳ್ಳೆನೆಂದು ಹಟ ಹಿಡಿದಾಗ ಅವಳ ಪಕ್ಷಕ್ಕೆ ನಿಲ್ಲುವಳು. ತಾನು ಉಂಡ ಕಷ್ಟವನ್ನು ಇನ್ನೊಬ್ಬಳಿಗೆ ಬಡಿಸದಿರುವುದು ಎಷ್ಟು ದೊಡ್ಡ ನ್ಯಾಯವೆಂಬುದನ್ನು ಇಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳದೆ ಇರುವುದರಿಂದಲೇ ಅದು ವಾಚಕನ ಮನಸ್ಸಿನಲ್ಲಿ ನಿಲ್ಲುತ್ತದೆ. ಎರಡು ಗ್ರಂಥಗಳ ನಡುವಣ ಈ ಅಂತರವೇ ಮುಂದಿನ ವಿಚಾರಕ್ಕೆ ದಾರಿ.

೩

ಶಾಲಾಕಾಲೇಜುಗಳಲ್ಲಿ ಸಾಮಾಜಿಕ ನ್ಯಾಯದ ಮಾತು ಬಂದಾಗಲೆಲ್ಲ ಮೊದಲು ಹೆಸರಿಸಲ್ಪಡುವ ಗ್ರಂಥವು ಶಿವರಾಮ ಕಾರಂತರ ‘ಚೋಮನ ದುಡಿ’. ಅದು ೧೯೩೩ರಲ್ಲಿ ಪ್ರಕಟವಾಯಿತು. ಮರುವರ್ಷ, ೧೯೩೪ರಲ್ಲಿ, ಕನ್ನಡ ಸಾಹಿತ್ಯ ಸಮ್ಮೇಳನವು ನಿಜಾಮನ ಆಳಿಕೆಯಲ್ಲಿದ್ದ ರಾಯಚೂರಿನಲ್ಲಿ ನೆರೆದಾಗ, ಮಕ್ಕಳಿಗಾಗಿ ಬರೆದು ಹೆಸರಾದ, ಕಾರಂತರ ಸೀಮೆಯವರೇ ಆದ ಪಂಜೆ ಮಂಗೇಶರಾಯರು ಅದರ ಅಧ್ಯಕ್ಷಪೀಠವನ್ನಲಂಕರಿಸಿದರು. ಕರಾವಳಿಯ ಸಾಹಿತ್ಯಕ್ಕೂ ಈ ಬಯಲುಸೀಮೆಗೂ ನಂಟು ಅಂದಿನದು. ಮುಂದೆ ೧೯೭೫ರಲ್ಲಿ ಬಿ. ವಿ. ಕಾರಂತರು ಚೋಮನ ಕಥೆಯನ್ನು ಚಲನಚಿತ್ರವಾಗಿಸಿದ ಮೇಲೆ ಪುಸ್ತಕವನ್ನೋದದವರಿಗೂ ಚೋಮನ ಪರಿಚಯವಾಯಿತು.

ಕಥೆಯು ಸರ್ವವಿದಿತವಾದುದು. ಅಸ್ಪೃಶ್ಯನೆನಿಸಿದ ಜೀತದಾಳು ಚೋಮನಿಗೆ ಎರಡು ಎತ್ತುಗಳುಂಟು. ಉಳಲು ಅಂಗೈಯಗಲದ ನೆಲವಿಲ್ಲ. ಧಣಿಯು ಕೊಡಲೊಪ್ಪಿದರೂ ಸಂಪ್ರದಾಯವು ಒಪ್ಪದು. ಹಿಂದೆ ಮಾಡಿದ ಸಾಲವನ್ನು ತೀರಿಸಲು ಹಿರಿಯ ಮಕ್ಕಳು ಘಟ್ಟದ ಕಾಫಿಯ ತೋಟಕ್ಕೆ ಹೋಗುವರು. ಒಬ್ಬನು ಜ್ವರದಿಂದ ಸಾಯುವನು, ಇನ್ನೊಬ್ಬನು ಮತಾಂತರಗೊಂಡು ಅಲ್ಲಿಯೇ ನಿಲ್ಲುವನು. ನೀರಿನಲ್ಲಿ ಮುಳುಗುವ ಎಳೆಯ ಮಗನನ್ನು ಕಣ್ಣೆದುರಿಗಿದ್ದವರು ಮುಟ್ಟಬಾರದೆಂದು ಉಳಿಸದೆ ಹೋಗುವರು. ಕೊನೆಗೆ ಎತ್ತುಗಳನ್ನು ಅಟ್ಟಿಬಿಟ್ಟು, ಬಾಗಿಲಿಕ್ಕಿಕೊಂಡು, ದುಡಿಯನ್ನು ಬಾರಿಸುತ್ತ ಚೋಮನು ಸಾಯುವನು.

ಈ ಗ್ರಂಥವನ್ನು ಓದಿ ಕಣ್ಣು ನೆನೆಯದ ತರುಣನಿಲ್ಲ. ಅದರ ಶಕ್ತಿಯು ನಿರ್ವಿವಾದವಾದುದು. ಆದರೂ ಎರಡು ಪ್ರಶ್ನೆಗಳನ್ನು ಕೇಳಬೇಕಾಗಿದೆ. ಕಣ್ಣೀರು ಬಂದಲ್ಲಿಗೆ ಪಾಠವು ಮುಗಿಯಿತೆ ಎಂಬುದು ಮೊದಲನೆಯದು. ಆ ಕಣ್ಣೀರು ಯಾರದು ಎಂಬುದು ಎರಡನೆಯದು.

ಮೊದಲನೆಯ ಪ್ರಶ್ನೆಗೆ ಗ್ರಂಥದೊಳಗೇ ಉತ್ತರವಿದೆ, ನಿಧಾನವಾಗಿ ಓದುವವರಿಗೆ. ಕಥೆಯ ಹೆಸರು ಚೋಮನ ದುಡಿ; ವಾಚಕನ ಕಿವಿಯಲ್ಲಿ ಕೊನೆಯವರೆಗೆ ಮೊಳಗುವುದೂ ದುಡಿಯೇ. ಆದರೆ ಆ ಸಾಲವನ್ನು ತೀರಿಸಿದವರು ಯಾರು? ಮಗಳು ಬೆಳ್ಳಿ. ತೋಟದ ಅಧಿಕಾರಿ ಮನ್ವೇಲನು ಲೆಕ್ಕದ ಪುಸ್ತಕದಲ್ಲಿ ಹೊಡೆದುಹಾಕಿದ ಸಾಲಕ್ಕೆ ಅವಳು ತೆತ್ತ ಬೆಲೆಯು ಯಾವ ಲೆಕ್ಕದಲ್ಲಿಯೂ ಬರೆದಿಲ್ಲ. ಅವಳನ್ನು ಮನ್ವೇಲನೊಡನೆ ಕಂಡ ಚೋಮನು ಮಗಳನ್ನು ಹೊಡೆದಟ್ಟುವನು. ಧಣಿಯೆದುರು ತಲೆಯೆತ್ತಲಾರದ ಮನುಷ್ಯನ ರೋಷವೆಲ್ಲವೂ ತನಗಿಂತ ಬಲಹೀನಳಾದವಳ ಮೇಲೆ ಬೀಳುತ್ತದೆ. ತುಳಿಸಿಕೊಂಡವನೂ ತುಳಿಯಬಲ್ಲನೆಂಬುದನ್ನು ಕಾರಂತರು ಮುಚ್ಚಿಡಲಿಲ್ಲ. ಚೋಮನಿಗೆ ದುಃಖವನ್ನು ಹೇಳಿಕೊಳ್ಳಲು ದುಡಿಯಾದರೂ ಇತ್ತು. ಬೆಳ್ಳಿಗೆ ಯಾವ ದುಡಿಯೂ ಇಲ್ಲ. ಚೋಮನಿಗಾಗಿ ಅಳುವುದು ಸುಲಭ, ಬೆಳ್ಳಿಯ ಲೆಕ್ಕವನ್ನು ಕೇಳುವುದು ಕಷ್ಟ. ಮುಂಗಡ ಪಡೆದು ದೂರದೂರಿಗೆ ದುಡಿಯಹೋಗುವ ಸಂಸಾರಗಳಲ್ಲಿ ಸಾಲವು ಯಾರ ಮೈಮೇಲೆ ತೀರುತ್ತದೆಯೆಂಬುದನ್ನು ಬಲ್ಲ ದೇವದುರ್ಗದ ಹೆಣ್ಣುಮಕ್ಕಳಿಗೆ ಈ ಪ್ರಶ್ನೆಯು ತಟ್ಟನೆ ತಿಳಿಯುವುದು. ದೇವದಾಸಿಯಾಗಿ ಹೆಣ್ಣನ್ನು ಬಿಡುವ ಪದ್ಧತಿಯನ್ನು ೧೯೮೨ರ ಶಾಸನವು ನಿಷೇಧಿಸಿದ ಸೀಮೆಗಳಲ್ಲಿ ರಾಯಚೂರೂ ಒಂದು. ಮನೆಯ ಹರಕೆಗೂ ಹಸಿವಿಗೂ ಹೆಣ್ಣುಮಗಳ ಬಾಳನ್ನೇ ತೆರುವ ಕ್ರಮವು ಇಲ್ಲಿ ಕಥೆಯ ಕಲ್ಪನೆಯಲ್ಲ. ಆದುದರಿಂದ ‘ಚೋಮನ ದುಡಿ’ಯನ್ನು ಓದಿಸುವ ಉಪಾಧ್ಯಾಯರು ಕೊನೆಯ ಪುಟದ ದುಡಿಯ ಸದ್ದಿನಲ್ಲಿ ಬೆಳ್ಳಿಯನ್ನು ಮರೆಯಗೊಡಬಾರದು.

ನೆಲದ ವಿಷಯದಲ್ಲಿಯೂ ಹಾಗೆಯೇ. ಕಾದಂಬರಿಯು ಹೊರಬಂದ ನಾಲ್ವತ್ತೊಂದು ವರ್ಷಗಳ ತರುವಾಯ, ೧೯೭೪ರಲ್ಲಿ, ದೇವರಾಜ ಅರಸರ ಸರಕಾರವು ಭೂಸುಧಾರಣೆಯ ಶಾಸನವನ್ನು ತಿದ್ದಿ ಉಳುವವನಿಗೆ ಹೊಲವನ್ನು ಕೊಡಿಸಿತು. ಚೋಮನ ಆಸೆ ನೆರವೇರಿತೆಂದು ಹೇಳುವವರುಂಟು. ವಿಚಾರಿಸಿ ನೋಡಿದರೆ ಹಾಗಲ್ಲ. ಆ ಶಾಸನವು ಹಕ್ಕು ಕೊಟ್ಟುದು ಗೇಣಿದಾರನಿಗೆ. ಚೋಮನು ಗೇಣಿದಾರನೂ ಅಲ್ಲ, ಬರಿಯ ಜೀತದಾಳು. ಗೇಣಿಗಾದರೂ ನೆಲವು ಸಿಕ್ಕಿದ್ದರೆ ಅವನ ಕಥೆಯೇ ಇರುತ್ತಿರಲಿಲ್ಲ. ಜೀತಪದ್ಧತಿಯನ್ನು ರದ್ದುಗೊಳಿಸಿದ ೧೯೭೬ರ ಶಾಸನವು ಅವನನ್ನು ಸಾಲದಿಂದ ಬಿಡಿಸುತ್ತಿದ್ದಿತು, ಎತ್ತುಗಳಿಗೆ ಹೊಲವನ್ನು ತೋರಿಸುತ್ತಿರಲಿಲ್ಲ. ಕಾದಂಬರಿಯೊಂದನ್ನು ಶಾಸನದೊಡನೆ ಹೀಗೆ ಇಟ್ಟು ನೋಡುವುದನ್ನು ಕಲಿತ ತರುಣನು, ನ್ಯಾಯವು ಎಲ್ಲಿ ಮುಟ್ಟಿತು, ಎಲ್ಲಿ ಮುಟ್ಟದೆ ನಿಂತಿತು ಎಂಬುದನ್ನು ತನ್ನೂರಿನ ಹೊಲಗಳಲ್ಲಿಯೂ ಕಾಣಬಲ್ಲನು. ನಾರಾಯಣಪುರದ ಬಲದಂಡೆಯ ಕಾಲುವೆಯು ದೇವದುರ್ಗದ ಕಡೆಗೆ ನೀರನ್ನು ತಂದಿದೆ. ಆ ನೀರು ಯಾರ ಹೊಲಕ್ಕೆ ಹರಿಯಿತು, ಹೊಲವಿಲ್ಲದವರಿಗೆ ಅದರಿಂದ ಬಂದುದೇನು ಎಂದು ಕೇಳುವುದಕ್ಕೆ ಚೋಮನೇ ಅವನಿಗೆ ಗುರುವಾಗುವನು.

ಕಣ್ಣೀರು ಯಾರದೆಂಬ ಎರಡನೆಯ ಪ್ರಶ್ನೆಯು ಇನ್ನೂ ಸೂಕ್ಷ್ಮವಾದುದು. ಒಂದೇ ತರಗತಿಯಲ್ಲಿ ಗೌಡರ ಮನೆಯ ಹುಡುಗನೂ ಕೇರಿಯ ಹುಡುಗನೂ ಪಕ್ಕಪಕ್ಕದಲ್ಲಿ ಕುಳಿತಿರುವರು. ಚೋಮನ ಪಾಠವು ನಡೆಯುತ್ತಿದೆ. ಮೊದಲನೆಯವನಿಗೆ ಕನಿಕರವುಂಟಾಗುವುದು, ತಾನು ಚೋಮನನ್ನು ಕನಿಕರಿಸಬಲ್ಲವನೆಂದು ಒಳಗೊಳಗೆ ತನ್ನ ಮೇಲೆ ಮೆಚ್ಚಿಕೆಯೂ ಉಂಟಾದೀತು. ಎರಡನೆಯವನಿಗೆ ಉಂಟಾಗುವುದು ಬೇರೆ. ತರಗತಿಯ ಕಣ್ಣುಗಳು ತನ್ನ ಕಡೆಗೆ ತಿರುಗಿದುವೆಂದು ಅವನಿಗೆ ಭಾಸವಾಗುವುದು. ತನ್ನ ಮುತ್ತಜ್ಜನ ಕಥೆಯನ್ನು ಇನ್ನೊಬ್ಬರು ದಯೆಯಿಂದ ಓದಿ ಹೇಳುವುದನ್ನು ಅವನು ತಲೆತಗ್ಗಿಸಿ ಕೇಳಬೇಕಾಗುವುದು. ಗ್ರಂಥದಲ್ಲಿ ಅವನಂಥವರಿಗೆ ಸಾವುಂಟು, ಸೋಲುಂಟು. ಗೆಲುವಿರಲಿ, ಒಂದು ನಗೆಯೂ ದುರ್ಲಭ. ಒಂದೇ ಪುಸ್ತಕವು ಒಂದೇ ಹಲಗೆಯ ಮೇಲೆ ಕುಳಿತ ಇಬ್ಬರಲ್ಲಿ ಒಬ್ಬನಿಗೆ ಔದಾರ್ಯವನ್ನೂ ಇನ್ನೊಬ್ಬನಿಗೆ ಸಂಕೋಚವನ್ನೂ ಕಲಿಸುವುದಾದರೆ, ಅದನ್ನು ನ್ಯಾಯದ ಪಾಠವೆಂದು ಹೇಳಲು ಬಾಯಿ ಬಾರದು. ದೋಷವು ಕಾರಂತರದಲ್ಲ, ಆ ಒಂದನ್ನೇ ಓದಿಸಿ ನಿಲ್ಲಿಸುವವರದು. ಕರುಣೆಯು ನ್ಯಾಯದ ಹೊಸ್ತಿಲು. ಹೊಸ್ತಿಲ ಮೇಲೆಯೇ ನಿಂತವನು ಮನೆಯನ್ನು ಹೊಕ್ಕಂತಾಗದು.

೪

ಹೊಸ್ತಿಲನ್ನು ದಾಟುವ ಬಗೆ ಹೇಗೆ? ಇದಕ್ಕೆ ಕನ್ನಡದಲ್ಲಿ ಮೂರು ದಾರಿಗಳು ತೋರುತ್ತವೆ.

ಒಂದು, ಅನ್ಯಾಯವನ್ನು ಸಹಿಸುವವರ ಬದಲಿಗೆ ಎದುರಿಸುವವರ ಕಥೆ. ಕಾಸರಗೋಡಿನ ಕಡೆಯ ಕಯ್ಯೂರಿನ ರೈತರು ೧೯೪೧ರಲ್ಲಿ ಜಮೀನುದಾರರಿಗೂ ಸರಕಾರಕ್ಕೂ ಇದಿರಾಗಿ ನಿಂತಾಗ ಪೋಲೀಸಿನವನೊಬ್ಬನು ಹೊಳೆಯಲ್ಲಿ ಸತ್ತನು. ಐವರಿಗೆ ಮರಣದಂಡನೆಯಾಯಿತು, ಒಬ್ಬನು ಅಪ್ರಾಪ್ತವಯಸ್ಕನೆಂದು ಉಳಿದನು, ನಾಲ್ವರನ್ನು ೧೯೪೩ರ ಮಾರ್ಚ್ ೨೯ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ನೀಲೇಶ್ವರದಲ್ಲಿ ಓದಿದ ನಿರಂಜನರು ಈ ವೃತ್ತಾಂತವನ್ನು ‘ಚಿರಸ್ಮರಣೆ’ಯೆಂಬ ಕಾದಂಬರಿಯಾಗಿ ೧೯೫೫ರಲ್ಲಿ ಹೊರತಂದರು. ತರುಣ ವಾಚಕರಿಗೆ ಇದರಲ್ಲಿ ವಿಶೇಷವಾದ ಆಕರ್ಷಣೆಯೊಂದುಂಟು. ಕಥೆಯ ನಡುವಿನಲ್ಲಿರುವವರು ಶಾಲೆಯ ಹುಡುಗರು, ಮತ್ತು ಅವರಿಗೆ ಅಕ್ಷರದೊಡನೆ ಲೋಕವನ್ನೂ ಕಲಿಸಿದ ಉಪಾಧ್ಯಾಯರು. ತಲೆಯೆತ್ತಿ ನಿಂತ ಬಡವರನ್ನು ಕಂಡಾಗ ಕೇರಿಯ ಹುಡುಗನಿಗೆ ತಲೆತಗ್ಗಿಸುವ ಕಾರಣವಿರುವುದಿಲ್ಲ. ಆದರೆ ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ವೀರರ ಕಥೆಯು ನ್ಯಾಯವನ್ನು ಗಲ್ಲಿನ ಎತ್ತರಕ್ಕೆ ಏರಿಸಿ, ಅದು ಅಸಾಧಾರಣರ ಕೆಲಸವೆಂಬ ಭ್ರಮೆಯನ್ನು ಹುಟ್ಟಿಸಬಹುದು. ಊಟಕ್ಕೆ ಕುಳಿತಾಗ ಯಾರು ಎಲ್ಲಿ ಕುಳಿತರೆಂಬುದನ್ನು ಗಮನಿಸುವ ಸಣ್ಣ ನ್ಯಾಯವು ಆ ಎತ್ತರದಿಂದ ಕಾಣದೆ ಹೋಗಬಹುದು.

ಎರಡು, ನ್ಯಾಯವನ್ನು ಮಾಡಹೊರಟವನ ಆತ್ಮಪರೀಕ್ಷೆ. ಯು. ಆರ್. ಅನಂತಮೂರ್ತಿಯವರ ‘ಭಾರತೀಪುರ’ವು ೧೯೭೩ರಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನಲ್ಲಿ ಓದಿಬಂದ ಜಮೀನುದಾರ ಜಗನ್ನಾಥನು ಅಸ್ಪೃಶ್ಯರನ್ನು ಮಂಜುನಾಥನ ಗುಡಿಯೊಳಗೆ ಕರೆದೊಯ್ಯಲು ನಿಶ್ಚಯಿಸುವನು. ಅದಕ್ಕೆ ಮೊದಲು, ಮನೆಯ ದೇವರಪೀಠದ ಸಾಲಿಗ್ರಾಮವನ್ನು ಅಂಗಳಕ್ಕೆ ತಂದು ತನ್ನ ಆಳುಗಳಿಗೆ ಮುಟ್ಟೆಂದು ಹೇಳುವನು. ಅವರು ಬೆದರಿ ಹಿಂಜರಿದಾಗ ಅವನೊಳಗೆ ಎದ್ದುದು ಪ್ರೇಮವಲ್ಲ, ಕ್ರೋಧ. ಅವರನ್ನು ಮನುಷ್ಯರನ್ನಾಗಿ ಮಾಡಲು ಹೊರಟವನಿಗೆ ಆ ಗಳಿಗೆಯಲ್ಲಿ ಅವರು ಮನುಷ್ಯರಾಗಿ ಕಾಣಲಿಲ್ಲ. ಕೊನೆಗೆ ಗುಡಿಯ ಪ್ರವೇಶವೂ ಅಂದುಕೊಂಡ ಅರ್ಥವನ್ನು ಪಡೆಯದೆ ಹೋಗುವುದು. ಮಹಾಕಾರ್ಯದೊಳಗೂ ಅಹಂಕಾರವು ಅಡಗಿರಬಹುದೆಂಬ ಈ ದೃಶ್ಯವು ಕನ್ನಡ ಕಾದಂಬರಿಯ ಶ್ರೇಷ್ಠಸ್ಥಳಗಳಲ್ಲಿ ಒಂದು. ಗೌಡರ ಮನೆಯ ಹುಡುಗನಿಗೆ ಓದಿಸತಕ್ಕ ಗ್ರಂಥವೆಂದರೆ ಇದೇ. ಚೋಮನನ್ನು ಕನಿಕರಿಸಿ ತನ್ನನ್ನು ಮೆಚ್ಚಿಕೊಂಡವನಿಗೆ ಜಗನ್ನಾಥನು ಕನ್ನಡಿಯನ್ನು ಹಿಡಿಯುವನು. ಆದರೂ ಇಡೀ ಕಥೆಯು ಜಗನ್ನಾಥನದೇ. ಸಾಲಿಗ್ರಾಮವನ್ನು ಮುಟ್ಟಿ ಓಡಿದವರು ಆ ರಾತ್ರಿ ತಮ್ಮ ಗುಡಿಸಲುಗಳಲ್ಲಿ ಏನು ಮಾತನಾಡಿಕೊಂಡರೆಂಬುದು ವಾಚಕನಿಗೆ ತಿಳಿಯುವುದಿಲ್ಲ.

ಅದೇ ೧೯೭೩ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಭಾಗವು ಬೂಸವೆಂದು ಮೈಸೂರಿನಲ್ಲಿ ಹೇಳಿದರು. ಊರೂರುಗಳಲ್ಲಿ ವಿದ್ಯಾರ್ಥಿಗಳ ಗದ್ದಲವೆದ್ದು ಅವರು ಪದವಿಯನ್ನು ಬಿಡಬೇಕಾಯಿತು. ಗದ್ದಲವಡಗಿದ ಮೇಲೆ ನೋಡಿದರೆ ಆ ಮಾತಿನಲ್ಲಿ ಹುದುಗಿದ್ದ ಪ್ರಶ್ನೆಯು ನ್ಯಾಯವಾದುದೇ ಆಗಿದ್ದಿತು. ದನಕ್ಕೆ ಹಾಕುವ ಬೂಸವು ಹೊಟ್ಟೆಯನ್ನು ತುಂಬಿಸೀತು, ಕಾಳಿನ ಸಾರವನ್ನು ಕೊಡಲಾರದು. ಕೇರಿಯ ಮಕ್ಕಳಿಗೆ ಈ ಸಾಹಿತ್ಯವು ಕೊಟ್ಟ ಸಾರವೇನು ಎಂಬುದೇ ಆ ಪ್ರಶ್ನೆ. ಅದಕ್ಕೆ ಸಿಟ್ಟಿನಿಂದ ಉತ್ತರ ಕೊಟ್ಟವರು ಹಲವರು. ಬರೆದು ಉತ್ತರ ಕೊಟ್ಟವರು ಕೆಲವರು. ಅವರಲ್ಲಿ ನಂಜನಗೂಡು ತಾಲೂಕಿನ ದೇವನೂರ ಮಹಾದೇವರು ಮೊದಲಿಗರು.

ಅವರ ‘ಒಡಲಾಳ’ವು ಮೂರನೆಯ ದಾರಿ. ಇದರಲ್ಲಿ ಕಥೆಯೆಂದು ಹೇಳುವಂಥದು ಬಹಳವಿಲ್ಲ. ಮುದುಕಿ ಸಾಕವ್ವನ ಹುಂಜವೊಂದು ಕಳೆದುಹೋಗಿದೆ. ಮಕ್ಕಳು ಮೊಮ್ಮಕ್ಕಳ ತುಂಬಿದ ಗುಡಿಸಲು, ಜಗಳವುಂಟು, ಅಕ್ಕರೆಯುಂಟು. ಸಾಹುಕಾರನ ಉಗ್ರಾಣದ ಕಡಲೆಕಾಯಿ ಒಂದು ರಾತ್ರಿ ಮನೆಗೆ ಬರುವುದು. ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕುಳಿತು ಅದನ್ನು ತಿಂದು ತೀರಿಸುವರು. ಬೆಳಗಾದರೆ ಪೋಲೀಸರ ಶೋಧನೆ. ಇಷ್ಟೇ. ಆದರೆ ಈ ಇಷ್ಟರಲ್ಲಿ ಚೋಮನ ಮನೆಯಲ್ಲಿ ಕಾಣದುದೆಲ್ಲವೂ ಇದೆ. ಹಾಸ್ಯವಿದೆ, ಹಟವಿದೆ, ಗೋಡೆಯ ಮೇಲೆ ನವಿಲನ್ನು ಬರೆಯುವ ಹುಡುಗಿಯ ಕೈಚಳಕವಿದೆ. ಇಲ್ಲಿ ವಾಚಕನನ್ನು ಯಾರೂ ಕನಿಕರಕ್ಕೆ ಕರೆಯುವುದಿಲ್ಲ. ಅವನು ಬೆಂಕಿಯ ಬಳಿಯಲ್ಲಿ ಜಾಗ ಮಾಡಿಕೊಂಡು ಕುಳಿತು, ಕಡಲೆಕಾಯಿಯ ಪಾಲನ್ನು ತಾನೂ ತೆಗೆದುಕೊಂಡವನಂತಾಗುವನು. ಬೆಳಿಗ್ಗೆ ಬಾಗಿಲಲ್ಲಿ ಪೋಲೀಸರು ನಿಂತಾಗ ಅವನ ಎದೆಯೂ ಹೊಡೆದುಕೊಳ್ಳುವುದು. ಕಳವು ತಪ್ಪೆಂದು ಕಲಿತ ಹುಡುಗನು ಈ ಕಳವಿನ ಮುಂದೆ ತಬ್ಬಿಬ್ಬಾಗುವನು. ಹಸಿದವರು ತಿಂದುದು ಅಪರಾಧವೊ, ಹಸಿವಿನ ನಡುವೆ ಉಗ್ರಾಣವು ತುಂಬಿದ್ದುದು ಅಪರಾಧವೊ ಎಂದು ಯೋಚಿಸುವನು. ಆಯ್ದಕ್ಕಿ ಲಕ್ಕಮ್ಮನು ಎತ್ತಿದ ಪ್ರಶ್ನೆಯೇ ಇಲ್ಲಿ ಇನ್ನೊಂದು ವೇಷದಲ್ಲಿ ಬಂದಿದೆ. ಇಂಥ ತಬ್ಬಿಬ್ಬೇ ವಿವೇಕದ ಆರಂಭ. ಉಪದೇಶದಿಂದ ಇದು ಬರಲಾರದು, ಕನಿಕರದಿಂದಲೂ ಬರಲಾರದು. ಇನ್ನೊಬ್ಬರ ಒಲೆಯ ಬಳಿ ಕುಳಿತಾಗ ಮಾತ್ರ ಬರುವುದು. ಕಾದಂಬರಿಯು ಕಲಿಸಬಹುದಾದ ನ್ಯಾಯವು ಇದೇ.

ಕೇರಿಯ ಹುಡುಗನಿಗಂತೂ ಇದು ಬಿಡುಗಡೆಯ ಗ್ರಂಥ. ಅವನ ಮನೆಯ ಮಾತು, ಅವನಜ್ಜಿಯ ಬೈಗುಳ, ಅವನ ತಂಗಿಯ ಚಿತ್ರ ಸಾಹಿತ್ಯವಾಗಬಲ್ಲುವೆಂದು ಅವನಿಗೆ ಮೊದಲ ಬಾರಿ ಗೊತ್ತಾಗುವುದು ಇಂಥಲ್ಲಿ. ಆಗ ತರಗತಿಯ ಕಣ್ಣುಗಳು ಅವನ ಕಡೆಗೆ ತಿರುಗಿದರೂ ಅವನು ತಲೆತಗ್ಗಿಸಬೇಕಾಗಿಲ್ಲ.

೫

ಇಲ್ಲಿ ಒಂದು ಆಕ್ಷೇಪವು ಬರಬಹುದು. ದೇವನೂರರ ಕನ್ನಡವು ಮೈಸೂರು ಸೀಮೆಯ ಕೇರಿಯ ಕನ್ನಡ; ೧೯೯೦ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಅವರ ‘ಕುಸುಮಬಾಲೆ’ಯಂತೂ ಆ ಸೀಮೆಯವರಿಗೂ ನಿಧಾನವಾಗಿ ಬಿಡಿಸಿ ಓದಬೇಕಾದುದು. ಕಾರಂತರದು ಕರಾವಳಿ, ಅನಂತಮೂರ್ತಿಯವರದು ಮಲೆನಾಡು. ಜಾಲಹಳ್ಳಿಯ ವಾಚಕನಿಗೆ ಇವೆಲ್ಲವೂ ಪರಸೀಮೆಗಳೇ. ಅನ್ಯಾಯವು ಯಾವಾಗಲೂ ಬೇರೆ ಊರಿನಲ್ಲಿ, ಬೇರೆ ನುಡಿಯಲ್ಲಿ ನಡೆಯುವುದಾದರೆ, ಅದು ತನ್ನೂರಿನಲ್ಲಿಲ್ಲವೆಂಬ ಸಮಾಧಾನಕ್ಕೆ ಎಡೆಯಾಗದೆ? ಈ ಆಕ್ಷೇಪವು ಹುರುಳುಳ್ಳದ್ದು. ೧೯೪೮ರವರೆಗೆ ನಿಜಾಮನ ಆಳಿಕೆಯಲ್ಲಿದ್ದು, ಶಾಲೆಗಳಲ್ಲಿ ಉರ್ದುವಿನ ಪ್ರಾಬಲ್ಯವನ್ನು ಕಂಡು, ೧೯೫೬ರಲ್ಲಿ ಏಕೀಕೃತ ರಾಜ್ಯವನ್ನು ಸೇರಿದ ಈ ಸೀಮೆಯಲ್ಲಿ ಕನ್ನಡ ಕಾದಂಬರಿಯು ಬೇರೂರಲು ಅವಕಾಶವು ದೊರೆತುದೇ ತಡವಾಗಿ.

ಆ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದವರು ಗೀತಾ ನಾಗಭೂಷಣ ಅವರು. ೧೯೪೨ರಲ್ಲಿ ಕಲಬುರಗಿಯ ಕಡೆಯ ಸಾವಳಗಿಯಲ್ಲಿ ಹುಟ್ಟಿ, ೨೦೨೦ರಲ್ಲಿ ತೀರಿಕೊಂಡ ಈ ಲೇಖಕಿಯು ಕೆಳಸ್ತರದ ಜನರ, ವಿಶೇಷವಾಗಿ ಹೆಂಗಸರ, ಬಾಳನ್ನು ತಮ್ಮ ಸೀಮೆಯ ಮಾತಿನಲ್ಲಿಯೇ ಬರೆದರು. ಅವರ ‘ಬದುಕು’ ಕಾದಂಬರಿಗೆ ೨೦೦೪ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು. ೨೦೧೦ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಅವರ ಬರಹದಲ್ಲಿ ಶಿಲ್ಪದ ಬಿಗಿಯು ಎಲ್ಲೆಡೆಯೂ ಸಮನಾಗಿಲ್ಲವೆಂದು ವಿಮರ್ಶಕನು ಹೇಳಬಹುದು. ಆದರೆ ದೇವದುರ್ಗದ ಹುಡುಗಿಯು ಆ ಗ್ರಂಥವನ್ನು ತೆರೆದಾಗ ಪರಸೀಮೆಯನ್ನು ಕಾಣುವುದಿಲ್ಲ, ತನ್ನ ಓಣಿಯನ್ನೇ ಕಾಣುವಳು. ಚೋಮನ ಮನೆಯ ಬೆಳ್ಳಿಗೆ ಇಲ್ಲದಿದ್ದ ದುಡಿಯು ಇಲ್ಲಿ ಬೆಳ್ಳಿಯಂಥವರ ಕೈಗೇ ಬಂದಿದೆ.

ಇಷ್ಟರಿಂದ ತೇಲುವ ನಿರ್ಣಯವು ಸ್ಪಷ್ಟವಾಗಿದೆ. ಯಾವ ಒಂದು ಕಾದಂಬರಿಯೂ ಒಂಟಿಯಾಗಿ ನ್ಯಾಯವನ್ನು ಕಲಿಸಲಾರದು. ‘ಚೋಮನ ದುಡಿ’ಯನ್ನು ಬಿಡಬೇಕಾಗಿಲ್ಲ, ಆದರೆ ‘ಒಡಲಾಳ’ದ ಜೊತೆಯಿಲ್ಲದೆ ಓದಿಸಬಾರದು. ‘ಇಂದಿರಾಬಾಯಿ’ಯ ಪಕ್ಕದಲ್ಲಿ ‘ಫಣಿಯಮ್ಮ’ವೂ, ‘ಚಿರಸ್ಮರಣೆ’ಯ ಪಕ್ಕದಲ್ಲಿ ‘ಭಾರತೀಪುರ’ವೂ, ಇವೆಲ್ಲವುಗಳ ಜೊತೆಗೆ ‘ಬದುಕು’ ಗ್ರಂಥವೂ ಇರಬೇಕು. ಅರಿವು ಕೇಂದ್ರಗಳೆನಿಸಿರುವ ಗ್ರಾಮ ಪಂಚಾಯತಿಯ ಗ್ರಂಥಾಲಯಗಳಲ್ಲಿ ಪರೀಕ್ಷೆಯ ಪುಸ್ತಕಗಳೊಡನೆ ಈ ಏಳು ಗ್ರಂಥಗಳಿಗೆ ಒಂದು ಗೇಣು ಜಾಗವು ಸಾಕು. ಇವನ್ನು ಓದಿಸುವ ಉಪಾಧ್ಯಾಯರು ಸಾರಾಂಶವನ್ನು ಬರೆಸದೆ, ನೀತಿಯನ್ನು ಹೇಳಿಸದೆ, ಒಂದೊಂದು ಪ್ರಶ್ನೆಯನ್ನು ಮಾತ್ರ ಕೇಳಲಿ: ಸಾಲವನ್ನು ತೀರಿಸಿದವರಾರು? ಅಂಗಳದಲ್ಲಿ ಬೆದರಿ ನಿಂತವರು ಮನೆಗೆ ಹೋಗಿ ಏನೆಂದರು? ಉಗ್ರಾಣವು ತುಂಬಿದುದು ಹೇಗೆ? ಉತ್ತರವನ್ನು ಮಕ್ಕಳೇ ಹುಡುಕಲಿ, ಗೌಡರ ಮನೆಯವನೂ ಕೇರಿಯವನೂ ಒಂದೇ ಪುಸ್ತಕದ ಮೇಲೆ ಬಾಗಿ ಹುಡುಕಲಿ.

ಕಾದಂಬರಿಯು ಹೊಲವನ್ನು ಹಂಚಲಾರದು, ಕೂಲಿಯನ್ನು ಹೆಚ್ಚಿಸಲಾರದು, ಗುಡಿಯ ಬಾಗಿಲನ್ನು ತೆರೆಯಲಾರದು. ಅವು ಶಾಸನದ ಕೆಲಸ, ಸಂಘಟನೆಯ ಕೆಲಸ, ಮನುಷ್ಯರ ಕೆಲಸ. ಆದರೆ ಚಹಾದಂಗಡಿಯಲ್ಲಿ ಎಲ್ಲಿಯಾದರೂ ಇನ್ನೂ ಒಂದು ಲೋಟವು ಬೇರೆಯಾಗಿ ಉಳಿದಿದ್ದರೆ, ಅದನ್ನು ದಿನವೂ ಕಂಡು ಕಾಣದಂತೆ ಹಾಯ್ದುಹೋಗುವ ಕಣ್ಣಿಗೆ ಅದು ಕಾಣುವಂತೆ ಮಾಡುವುದು ಕಾದಂಬರಿಯ ಕೈಯಲ್ಲುಂಟು. ಕಂಡುದರ ಮೇಲೆ ಏನು ಮಾಡಬೇಕೆಂಬುದನ್ನು ಪುಸ್ತಕವನ್ನು ಮುಚ್ಚಿಟ್ಟು ಎದ್ದ ತರುಣನೇ ನಿಶ್ಚಯಿಸತಕ್ಕದ್ದು.